ಜರಗನಹಳ್ಳಿಯಲ್ಲಿ ಅಜ್ಜಿ ಸತ್ತ ತಮಿಳು ಸಿನಿಮಾ

ಬಾಡಿಗೆ ಮನೆಯಲ್ಲಿ ಇರುವವನು ತಮಾಷೆಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ನನ್ನ ಪಾಲಿನವು ಒಂದು ಸಲ ಲಾರಿಯಲ್ಲೇ ಬಂದವು, ಜೊತೆಗೆ ಜನರೇಟರ್ ಬೇರೆ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಜಯನಗರದ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಮದುವೆಯಾಗದವರಿಗೆ ಮನೆ ಕೊಡುವುದಿಲ್ಲ ಎಂಬ ಮಾತನ್ನು ಚಿಕ್ಕಲಸಂದ್ರದಿಂದ ಕುಮಾರಸ್ವಾಮಿ ಲೇಔಟ್‌ವರೆಗೆ ಬಗೆಬಗೆಯಾಗಿ ಕೇಳಿಸಿಕೊಂಡು, ಕೊನೆಗೆ ಜರಗನಹಳ್ಳಿಯ ಒಂದು ಹಳೇ ತೊಟ್ಟಿಮನೆಯ ಹಿಂಭಾಗದಲ್ಲಿ ಎರಡು ಕೋಣೆ ಗಿಟ್ಟಿಸಿಕೊಂಡಿದ್ದೆ. ನಡುವೆ ಅಂಗಳ, ಸುತ್ತ ಕಂಬ, ಮೇಲೆ ಹೆಂಚು. ಮನೆಯಲ್ಲಿದ್ದವರು ಮೂರೇ ಜನ. ಯಾವ ವಿಷಯಕ್ಕೂ ಬಾಯಿ ಹಾಕದ ಓನರ್ ಅಂಕಲ್, ಎಲ್ಲ ವಿಷಯಕ್ಕೂ ಬಾಯಿ ಹಾಕುವ ಓನರ್ ಆಂಟಿ, ಮತ್ತು ಅಂಕಲ್ ಅವರ ತಾಯಿ. ಆಕೆ ಕೇರಿಗೆಲ್ಲ ಅಜ್ಜಿ.

ಅಜ್ಜಿಗೆ ಕಿವಿ ಸುತರಾಂ ಕೇಳಿಸುತ್ತಿರಲಿಲ್ಲ. ಆದರೆ ಕಣ್ಣು ಮಹಾ ಚುರುಕು. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು, ಅದೂ ಅಂಗಳದ ಆ ಕಡೆಯಿಂದ. ಒಂದು ದಿನ ಆಂಟಿ ಕೊಟ್ಟ ಸಾರಿಗೆ ಉಪ್ಪು ಜಾಸ್ತಿ ಎಂದು ಗೆಳೆಯನ ಹತ್ತಿರ ಪಿಸುಗುಟ್ಟಿದೆ. ಎದುರು ಜಗಲಿಯಿಂದ ಅಜ್ಜಿ, "ನಾನೂ ಅದೇ ಹೇಳ್ದೆ ಕಣ್ಲಾ ಮಗ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದರು. ಆಮೇಲೆ ಒಂದು ವಾರ ನನಗೆ ಸಾರು ಬರಲಿಲ್ಲ.

ಅದೇ ಕಾಲಕ್ಕೆ ನನಗೊಂದು ಹೆಣ್ಣು ಗೊತ್ತಾಯಿತು. ಮಾವನಾಗುವವರು ಮನೆ ನೋಡಲು ಬಂದರು. ಹುಡುಗನನ್ನು ಒಂದು ಸಲ ನೋಡಿದರು, ನಲ್ಲಿಯನ್ನು ಎರಡು ಸಲ ತಿರುಗಿಸಿ ನೋಡಿದರು. ನೀರು ಬಂತು, ಮದುವೆ ನಿಶ್ಚಯವಾಯಿತು. ಈ ಮನೆ ಕೈಬಿಟ್ಟರೆ ಹೆಣ್ಣೂ ಕೈಬಿಡುತ್ತದೆಂದು ನನಗೆ ಖಾತ್ರಿಯಿತ್ತು. ಇಂಥ ಹೊತ್ತಿನಲ್ಲಿ ನಾನು ಸಿನಿಮಾದವರನ್ನು ಮನೆಗೆ ಕರೆದುಕೊಂಡು ಬಂದೆ.

ಸುಣ್ಣ

ನನ್ನ ಬ್ಯಾಂಕಿನ ಗೆಳೆಯನೊಬ್ಬ ಜಯನಗರದಲ್ಲಿ ಫಿಲ್ಮ್ ಸೊಸೈಟಿ ನಡೆಸುತ್ತಿದ್ದ. ಅವನಿಗೆ ಪರಿಚಯದ ಒಬ್ಬ ತಮಿಳು ನಿರ್ದೇಶಕರು ಒಂದು ದೊಡ್ಡ ಕಾದಂಬರಿಯನ್ನು ಸಿನಿಮಾ ಮಾಡಲು ಹೊರಟಿದ್ದರು. ಹಳೇ ಮನೆ ಬೇಕಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ, ತಮಿಳು ನೀರು ಕುಡಿದಷ್ಟು ಸಲೀಸು. ಮನೆ ತೋರಿಸುವ ಕೆಲಸವೂ ದುಭಾಷಿಯ ಕೆಲಸವೂ ನನಗೇ ಅಂಟಿತು.

ನಿರ್ದೇಶಕರು ಕಡಿಮೆ ಮಾತಿನವರು. ಬಂದವರೇ ನಡುಮನೆಯ ಗೋಡೆಯ ಮುಂದೆ ನಿಂತುಬಿಟ್ಟರು. ತಲೆತಲಾಂತರದಿಂದ ಜನ ಎಣ್ಣೆ ತಲೆ ಒರಗಿಸಿ ಆಗಿದ್ದ ಕಲೆಗಳು, ದೀಪದ ಮಸಿ, ಅರಿಶಿನದ ಬೆರಳಚ್ಚು. ಒಂದೊಂದನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. "ನನ್ನ ಸಿನಿಮಾ ಈ ಗೋಡೆಯಲ್ಲೇ ಇದೆ" ಎಂದು ತಮಿಳಿನಲ್ಲಿ ಹೇಳಿ, ಮುಂದಿನ ವಾರ ಬರುತ್ತೇವೆಂದು ಹೊರಟರು.

ಆಂಟಿ ಕಂಡದ್ದು ಬೇರೆ. ಪರಸ್ಥಳದವರೊಬ್ಬರು ಬಂದು, ತಮ್ಮ ಮನೆಯ ಗೋಡೆಯ ಕೊಳೆಯನ್ನು ಬೆರಳಿಟ್ಟು ತೋರಿಸಿ ಹೋಗಿದ್ದರು. ಮಾನ ಹೋದಂತಾಯಿತು. ಮುಂದಿನ ವಾರ ಲಾರಿ ಬಂದು ನಿಂತಾಗ ಇಡೀ ಮನೆ ಬೆಳ್ಳಗೆ ಕಣ್ಣು ಕೋರೈಸುತ್ತಿತ್ತು. ಎರಡು ಕೈ ಸುಣ್ಣ, ಅದಕ್ಕೆ ನೀಲಿ, ಕೆಳಗೆ ಕೆಮ್ಮಣ್ಣಿನ ಪಟ್ಟೆ. ಬಾಗಿಲಲ್ಲಿ ಸುಸ್ವಾಗತ ಎಂಬ ರಂಗೋಲಿ.

ನಿರ್ದೇಶಕರು ಜಗಲಿಯ ಮೇಲೆ ತಲೆ ಹಿಡಿದುಕೊಂಡು ಕುಳಿತರು.

"ಯಾಕಂತೆ? ಸೆಕೆ ಆಯ್ತಂತಾ?" ಎಂದರು ಆಂಟಿ.

"ಮನೆ ತುಂಬಾ ಚೆನ್ನಾಗಿದೆ, ಖುಷಿಯಾಯ್ತು ಅಂತಿದ್ದಾರೆ ಆಂಟಿ" ಎಂದೆ ನಾನು. ದುಭಾಷಿಯ ಮೊದಲ ಕೆಲಸ ಎರಡೂ ಕಡೆಯವರ ಪ್ರಾಣ ಕಾಯುವುದು.

ಸೆಟ್ಟಿನ ಕೆಲಸದವರು ಹಂಡೆಗಟ್ಟಲೆ ಟೀ ಡಿಕಾಕ್ಷನ್ ಕಾಯಿಸಿ, ಬಟ್ಟೆಯಲ್ಲಿ ಅದ್ದಿ ಗೋಡೆಗೆ ಬಳಿದರು. ಲೈಟಿನವರ ತಲೆಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿ, ಸಾಲಾಗಿ ಗೋಡೆಗೆ ಒರಗಿಸಿ ಕೂರಿಸಿದರು. ಸಂಜೆ ಹೊತ್ತಿಗೆ ಗೋಡೆ ಹಳೆಯದಾಯಿತು. ಬೆಳಗ್ಗೆ ಬಂದು ನೋಡಿದರೆ ಮತ್ತೆ ಹೊಸದಾಗಿತ್ತು. ಆಂಟಿ ಬೆಳಗಾಗುವ ಮುಂಚೆಯೇ ಎದ್ದು ಎಲ್ಲ ಒರೆಸಿ, ಮೇಲೊಂದು ಕೈ ಸುಣ್ಣ ಎಳೆದಿದ್ದರು. ಮತ್ತೆ ಟೀ, ಮತ್ತೆ ಎಣ್ಣೆ ತಲೆ. ಹೀಗೇ ಒಂದಷ್ಟು ದಿನ ನಡೆದ ಮೇಲೆ ಆಂಟಿ ನನ್ನನ್ನು ಕರೆದು ಕೇಳಿದರು.

"ಅಲ್ಲಾ, ನೀವೇ ಹೇಳಿ. ಗೋಡೆಗೆ ಹಂಡೆ ಹಂಡೆ ಟೀ ಕುಡಿಸ್ತಾರೆ. ಮನೆ ಕೊಟ್ಟೋರಿಗೆ ಒಂದು ಲೋಟ ಕೊಡ್ಬೇಕು ಅನ್ನೋ ಜ್ಞಾನ ಬೇಡ್ವಾ?"

ನಲ್ಲಿ

ಕೇರಿಯವರೆಲ್ಲ ಹಾಡು, ಫೈಟು, ಹೀರೋಯಿನ್ ಎಂದು ಕಾಂಪೌಂಡ್ ಹತ್ತಿ ಕುಳಿತಿದ್ದರು. ಶೂಟಿಂಗ್ ಶುರುವಾದ ಮೊದಲ ದಿನ ಕ್ಯಾಮೆರಾ ಅಂಗಳದ ನಲ್ಲಿಯ ಮುಂದೆ ಬಂದು ನಿಂತಿತು. ನಲ್ಲಿಯಿಂದ ಒಂದೊಂದೇ ಹನಿ ತೊಟ್ಟಿಕ್ಕಬೇಕು, ಅದನ್ನು ಬಹಳ ಹೊತ್ತು ತೋರಿಸಬೇಕು. ಕಾದಂಬರಿಯಲ್ಲಿ ಅದಕ್ಕೆ ಒಂದು ಇಡೀ ಅಧ್ಯಾಯವೇ ಇದೆಯಂತೆ.

ಹನಿ ಬೀಳುವ ವೇಗ ಹದಕ್ಕೆ ತರಲು ಅರ್ಧ ಬೆಳಗು ಹೋಯಿತು. ಕಾಂಪೌಂಡ್ ಮೇಲಿದ್ದವರು ಒಬ್ಬೊಬ್ಬರೇ ಇಳಿದು ಕನಕಪುರ ರಸ್ತೆಯ ಕಡೆ ಹೋದರು. ಕೊನೆಗೆ ಕ್ಯಾಮೆರಾ ಓಡತೊಡಗಿತು. ಎಲ್ಲರೂ ಉಸಿರು ಬಿಗಿಹಿಡಿದು ನಿಂತೆವು. ಒಂದು ಹನಿ. ಇನ್ನೊಂದು ಹನಿ.

ನಮ್ಮ ಕಡೆ ನೀರಿನ ಪಾಡು ಗೊತ್ತಲ್ಲ. ಕರೆಂಟ್ ಇದ್ದಾಗ ಬೋರ್‌ವೆಲ್ ಮೋಟಾರ್ ಹಾಕಿ, ಕೊಡ ಬಿಂದಿಗೆಯಿಂದ ಹಿಡಿದು ಹಾಲಿನ ಪಾತ್ರೆಯವರೆಗೆ ಎಲ್ಲ ತುಂಬಿಸಿಟ್ಟುಕೊಳ್ಳುವ ಜನ ನಾವು. ಒಳಗಿನಿಂದ ಮೊರ ಹಿಡಿದುಕೊಂಡು ಬಂದ ಆಂಟಿ ಒಂದು ಕ್ಷಣ ನಿಂತು ನೋಡಿದರು. ಸರಕ್ಕನೆ ಕೈ ಚಾಚಿ ನಲ್ಲಿಯನ್ನು ಗಿರಗಿರ ತಿರುಗಿಸಿ ನಿಲ್ಲಿಸಿದರು. ಹಸಿರು ಬಳೆಗಳು ಝಲ್ ಎಂದವು.

ನಿರ್ದೇಶಕರ ಬಾಯಿ ತೆರೆದದ್ದು ತೆರೆದೇ ಇತ್ತು. ಮತ್ತೊಮ್ಮೆ ತೆಗೆಯಲು ಅವರ ಹತ್ತಿರ ಫಿಲ್ಮು ಹೆಚ್ಚಿರಲಿಲ್ಲ.

ಆಂಟಿ ನನ್ನ ಕಡೆ ತಿರುಗಿದರು. "ಎಂಥಾ ಜನಾನ್ರೀ ಕರ್ಕೊಂಡ್ ಬಂದಿದ್ದೀರಾ? ನೀರು ಹಾಳಾಗ್ತಿದೆ, ಇಷ್ಟು ಜನ ಗಂಡಸ್ರು ಸುತ್ತ ನಿಂತ್ಕೊಂಡು ನೋಡ್ತಿದ್ದಾರೆ. ಒಬ್ಬನಿಗಾದ್ರೂ ಕೈ ಬರ್ಲಿಲ್ಲ!"

ಸಾಯಲು ಬಾರದವರು

ಆಂಟಿಗೆ ನಾನು ಕಥೆಯನ್ನು ಒಂದೇ ಸಾಲಿನಲ್ಲಿ ಹೇಳಿದ್ದೆ. "ದೊಡ್ಡ ಕುಟುಂಬ ಆಂಟಿ. ತುಂಬಾ ವರ್ಷ ಆದ್ಮೇಲೆ ಎಲ್ಲಾ ಒಂದು ಕಡೆ ಸೇರ್ತಾರೆ, ಅಳ್ತಾರೆ." ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯಾಕೆ ಸೇರುತ್ತಾರೆ ಎಂಬುದನ್ನು ಮಾತ್ರ ಬಿಟ್ಟಿದ್ದೆ. ಮನೆಯ ಹಿರಿಯಳು ಮೊದಲ ಪುಟದಲ್ಲೇ ಸಾಯುತ್ತಾಳೆ, ಉಳಿದ ಪುಟಗಳಲ್ಲೆಲ್ಲ ನೆಂಟರು ಹೆಣದ ಸುತ್ತ ಕೂತಿರುತ್ತಾರೆ. ಮನಸ್ಸಿನಲ್ಲಿರುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಷ್ಟೇ ಕಾದಂಬರಿ.

ಆಂಟಿ ಅದನ್ನು ಮದುವೆ ಮನೆ ಎಂದುಕೊಂಡರು. ಅಳುವುದು ಹೆಣ್ಣು ಒಪ್ಪಿಸಿಕೊಡುವಾಗ. ಆ ದೃಶ್ಯಕ್ಕೆ ಜನ ಬೇಕೆಂದು ನಾನು ಹೇಳಿದ್ದೇ ತಡ, ನೆಂಟರಿಗೆಲ್ಲ ಹೇಳಿ ಕಳಿಸಿದರು. ಚಿಕ್ಕಲಸಂದ್ರದಿಂದ ಅಜ್ಜಿಯ ಮಗಳು ಬಂದರು, ಕುಮಾರಸ್ವಾಮಿ ಲೇಔಟ್‌ನಿಂದ ಒಂದು ಟೆಂಪೋ ಭರ್ತಿ ಹೆಂಗಸರು ಬಂದರು. ಎಲ್ಲರೂ ರೇಷ್ಮೆ ಸೀರೆ, ಮೊಳಗಟ್ಟಲೆ ಮಲ್ಲಿಗೆ. ಅವರ ಹಿಂದೆಯೇ ಇನ್ನೊಂದು ಟೆಂಪೋ ಬಂತು. ಅದರಿಂದ ಬಿದಿರಿನ ಚಟ್ಟ ಇಳಿಯಿತು.

ಆಮೇಲೆ ಆಂಟಿ ಆಡಿದ್ದನ್ನೆಲ್ಲ ನಾನು ಇಲ್ಲಿ ಬರೆಯುವಂತಿಲ್ಲ. "ಬಾಳೋ ಮನೇಲಿ ಹೆಣ ಮಲಗಿಸ್ತೀರಾ?" ಎಂಬುದು ಅದರಲ್ಲಿ ಮೆತ್ತನೆಯ ಮಾತು. ಏನಂತೆ ಎಂದು ನಿರ್ದೇಶಕರು ನನ್ನನ್ನು ಕೇಳಿದರು. "ಸ್ವಲ್ಪ ಯೋಚನೆ ಮಾಡ್ತಿದ್ದಾರೆ" ಎಂದು ತಮಿಳಿನಲ್ಲಿ ಹೇಳಿದೆ.

ಕ್ಯಾಮೆರಾಮನ್ ತಿಳಿದವರು. ಸಿನಿಮಾದಲ್ಲಿ ಇದಕ್ಕೊಂದು ಪರಿಹಾರವಿದೆ ಎಂದರು. ಸತ್ತಂತೆ ನಟಿಸಿದವರು ಕೂಡಲೇ ಎದ್ದು ಕ್ಯಾಮೆರಾ ನೋಡಿ ನಗಬೇಕು, ಅದನ್ನೂ ತೆಗೆಯಲೇಬೇಕು, ಆಗ ದೋಷ ಹೋಗುತ್ತದೆ. ಆಂಟಿ ಅರೆಮನಸ್ಸಿನಿಂದ ಒಪ್ಪಿದರು. ನಿಂಬೆಹಣ್ಣು ಕೊಯ್ದದ್ದಾಯಿತು, ಕುಂಬಳಕಾಯಿ ಒಡೆದದ್ದಾಯಿತು. ರೇಷ್ಮೆ ಬಿಚ್ಚಿಸಿ ಹಳೇ ಸೀರೆ ಉಡಿಸುವಷ್ಟರಲ್ಲಿ ಮಧ್ಯಾಹ್ನ. ಮಲ್ಲಿಗೆ ಮಾತ್ರ ಯಾರೂ ತೆಗೆಯಲಿಲ್ಲ.

ಹೆಣವಾಗಲು ಒಬ್ಬ ನಾಟಕದ ಹಿರಿಯಾಕೆಯನ್ನು ಕರೆಸಿದ್ದರು. ಪಾಪ, ತಲೆಯ ಹತ್ತಿರ ಊದುಬತ್ತಿ ಹಚ್ಚಿದರೆ ಆಕೆಗೆ ಕೆಮ್ಮು. ಕ್ಯಾಮೆರಾ ಓಡಿತು, ಹೆಣ ಕೆಮ್ಮಿತು. ಮತ್ತೆ ಓಡಿತು, ಮತ್ತೆ ಕೆಮ್ಮಿತು. ಊದುಬತ್ತಿ ತೆಗೆದರೆ ಸೀನು. ನಿರ್ದೇಶಕರು ಕಂಬಕ್ಕೆ ಹಣೆ ಆನಿಸಿ ನಿಂತರು.

ಮೂಲೆಯ ಮಂಚದ ಮೇಲಿಂದ ಎಲ್ಲ ನೋಡುತ್ತಿದ್ದ ಅಜ್ಜಿ ಕೋಲು ಊರಿಕೊಂಡು ಎದ್ದರು.

"ಆವಮ್ಮಂಗೆ ಸಾಯಾಕೆ ಬರಾಕಿಲ್ಲ. ಪಕ್ಕಕ್ಕೆ ಸರಿಯಾಕೇಳು, ನಾನ್ ಮಲೀಕೊತೀನಿ."

"ಅತ್ತೇ!" ಎಂದು ಆಂಟಿ ಎದೆ ಬಡಿದುಕೊಂಡರು.

"ಸುಮ್ಕಿರಮ್ಮಿ. ಎಂಗೂ ಒಂದಿನ ಮಲೀಕೊಳಾದೇ. ಈಗೊಂದ್ಸಲ ಅಭ್ಯಾಸ ಆಗ್ಲಿ."

ಎಲ್ಲರಿಗೂ ಗೊತ್ತಾಯಿತು, ಅಜ್ಜಿಗೆ ಮಾತ್ರ ಇಲ್ಲ

ಅಜ್ಜಿ ಮಲಗಿ ಕಣ್ಣು ಮುಚ್ಚಿದ ಮೇಲೆ ನಿರ್ದೇಶಕರ ಮುಖದಲ್ಲಿ ಮೊದಲ ಸಲ ಕಳೆ ಬಂತು. ಮಾತಿಲ್ಲದ ಸಿನಿಮಾದಲ್ಲಿ ಇದೊಂದು ಕಡೆ ಮಾತ್ರ ಗೋಳಾಟ ಬೇಕಿತ್ತು. ಅಳುವವರು ಕನ್ನಡದಲ್ಲಿ ಏನು ಬೇಕಾದರೂ ಹೇಳಿಕೊಳ್ಳಲಿ, ತುಟಿ ಆಡಿದರೆ ಸಾಕು, ದನಿಯನ್ನು ಮದ್ರಾಸಿನಲ್ಲಿ ಸೇರಿಸುತ್ತೇವೆ ಎಂದರು. ಗಂಡಸರು ಕಡಿಮೆ ಬಿದ್ದಿದ್ದರಿಂದ ನನ್ನನ್ನೂ ಅಜ್ಜಿಯ ಕಾಲ ಬಳಿ ನಿಲ್ಲಿಸಿದರು.

ಇನ್ನೇನು ಕ್ಯಾಮೆರಾ ಓಡಬೇಕು, ಆಂಟಿ ನನ್ನ ಪಕ್ಕಕ್ಕೆ ಬಂದು ಕಿವಿಯಲ್ಲಿ ಹೇಳಿದರು. "ಈ ಪಿಚ್ಚರ್ ರಿಲೀಸ್ ಆಗ್ಲಿ. ನಮ್ಮನೆ ಮರ್ಯಾದೆ ಹೋಗಿದ್ರೆ ಅವತ್ತೇ ನೀವು ಮನೆ ಖಾಲಿ ಮಾಡ್ಬೇಕು. ನಿಮ್ಮ ಮಾವನೋರಿಗೂ ಈಗ್ಲೇ ಹೇಳಿಡಿ."

ಕ್ಯಾಮೆರಾ ಓಡತೊಡಗಿತು. ನನ್ನ ಕಣ್ಣೆದುರು ಮಾವನವರು ನಲ್ಲಿ ತಿರುಗಿಸುತ್ತಿದ್ದರು, ನೀರು ಬರುತ್ತಿರಲಿಲ್ಲ. ನನಗೆ ಅಳು ಬಂತು. ಬಾಯಿ ಬಿಗಿಹಿಡಿದಷ್ಟೂ ಕಣ್ಣೀರು ಧಾರಾಕಾರ ಸುರಿಯಿತು. ಮುಗಿದ ಮೇಲೆ ನಿರ್ದೇಶಕರು ಓಡಿ ಬಂದು ನನ್ನನ್ನು ತಬ್ಬಿಕೊಂಡರು. ಇಡೀ ಚಿತ್ರದಲ್ಲಿ ನಟನೆ ಎಂದರೆ ಇದೇ ಎಂದರು.

ಎಲ್ಲರೂ ಕಣ್ಣು ಮೂಗು ಒರೆಸಿಕೊಂಡು ಎದ್ದರು. ಅಜ್ಜಿ ಏಳಲಿಲ್ಲ.

ಲೈಟು ಆರಿತು, ಅಜ್ಜಿ ಅಲ್ಲಾಡಲಿಲ್ಲ. "ಅಜ್ಜಿ, ಆಯ್ತು" ಎಂದೆ. ಉತ್ತರವಿಲ್ಲ. ಓನರ್ ಅಂಕಲ್ ನಿಂತಲ್ಲೇ ಬೆವೆತರು. ಆಂಟಿ "ಅಯ್ಯೋ ಅತ್ತೇ" ಎಂದು ಕಿರುಚಿ ಅಜ್ಜಿಯ ಎದೆಯ ಮೇಲೆ ಬಿದ್ದು ಗೋಳೋ ಎಂದು ಅತ್ತರು. ಅದು ನಿಜವಾದ ಅಳು.

ಮೈಮೇಲೆ ಭಾರ ಬಿದ್ದೊಡನೆ ಅಜ್ಜಿ ಕಣ್ಣು ತೆರೆದರು. ಕಿವಿ ಕೇಳದವರು, ಕಣ್ಣು ಮುಚ್ಚಿದ್ದರು. ನಿಲ್ಲಿಸಿ ಎಂದದ್ದು ಅವರಿಗೆ ಗೊತ್ತಾಗುವುದಾದರೂ ಹೇಗೆ?

"ಮುಗೀತಾ?" ಎಂದರು. "ಯಾರಾದ್ರೂ ಅಲ್ಲಾಡಿಸಬಾರದಾ? ಕಾಲು ಜೋಮು ಹಿಡೀತು."

ಪರಿಹಾರದ ನಗು ತೆಗೆಯಬೇಕಲ್ಲ, ಕ್ಯಾಮೆರಾಮನ್ ನಗಿ ಎಂದು ಸನ್ನೆ ಮಾಡಿದರು. ಅಜ್ಜಿ ಕದಲಲಿಲ್ಲ. ಒಳಗಿನಿಂದ ಹಲ್ಲಿನ ಸೆಟ್ಟು ತರಿಸಿ, ಹಾಕಿಕೊಂಡು, ಆಮೇಲೆಯೇ ನಕ್ಕದ್ದು. ಎಷ್ಟು ಚೆನ್ನಾಗಿ ನಕ್ಕರೆಂದರೆ ಫಿಲ್ಮು ಮುಗಿದು ಕ್ಯಾಮೆರಾ ತಾನಾಗಿಯೇ ನಿಂತಿತು.

ಜಯನಗರದಲ್ಲಿ ಒಂದು ಭಾನುವಾರ

ನನ್ನ ಮದುವೆಯಾಯಿತು. ಹೆಂಡತಿ ಬಂದಳು, ನಲ್ಲಿಯಲ್ಲಿ ನೀರೂ ಬರುತ್ತಿತ್ತು. ಆದರೆ ಆಂಟಿಯ ಮಾತು ತಲೆಯ ಮೇಲೆ ತೂಗುತ್ತಲೇ ಇತ್ತು. ಸಿನಿಮಾ ಎಂದಿಗೂ ಬಿಡುಗಡೆಯಾಗದಿರಲಿ ಎಂದು ನಾನು ದಿನಾ ಬೇಡಿಕೊಳ್ಳುತ್ತಿದ್ದೆ. ಕಲಾತ್ಮಕ ಚಿತ್ರ, ಹೇಗೂ ಆಗಲಿಕ್ಕಿಲ್ಲ ಎಂಬ ಧೈರ್ಯವೂ ಇತ್ತು. ಆದರೆ ನನ್ನ ಗೆಳೆಯನೇ ಉತ್ಸಾಹದಿಂದ ಪ್ರಿಂಟ್ ತರಿಸಿ, ಒಂದು ಭಾನುವಾರ ಬೆಳಗ್ಗೆ ಜಯನಗರದ ಹಾಲ್‌ನಲ್ಲಿ ಪ್ರದರ್ಶನ ಇಟ್ಟುಬಿಟ್ಟ. ನಿರ್ದೇಶಕರೂ ಬಂದರು. ಅಂಕಲ್ ತಮ್ಮ ಮೆಟಡಾರ್ ವ್ಯಾನಿನಲ್ಲಿ ನೆಂಟರನ್ನೆಲ್ಲ ತುಂಬಿಸಿಕೊಂಡು ಬಂದರು. ಆ ಹೆಂಗಸರು ಈ ಸಲ ಮತ್ತೆ ರೇಷ್ಮೆ ಉಟ್ಟಿದ್ದರು. ಅಜ್ಜಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ನಾನೂ ಹೆಂಡತಿಯೂ ಅಜ್ಜಿಯ ಆ ಬದಿ, ಆಂಟಿ ಈ ಬದಿ.

ಶುರುವಿನಲ್ಲೇ ನಮ್ಮ ನಲ್ಲಿ ಬಂತು. ಹನಿ, ಹನಿ, ಹನಿ. ಇದ್ದಕ್ಕಿದ್ದಂತೆ ಹಸಿರು ಬಳೆಯ ಕೈಯೊಂದು ಬಂದು ನಲ್ಲಿ ನಿಲ್ಲಿಸಿತು. ಹಾಲ್‌ನಲ್ಲಿ ಎಲ್ಲರೂ ಆಹಾ ಎಂದರು. ಹಿಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರಿಗೆ, "ನೋಡಿದಿರಾ? ಅದು ಮೃತ್ಯುವಿನ ಹಸ್ತ" ಎಂದು ವಿವರಿಸಿದರು.

ಆಂಟಿ ಹಿಂದಕ್ಕೆ ತಿರುಗಿದರು. "ಅಲ್ಲ ಸಾರ್, ಅದು ನನ್ನ ಕೈ. ನೀರು ಹಾಳಾಗ್ತಿತ್ತು."

ಆಮೇಲೆ ಅಜ್ಜಿ ಸತ್ತರು. ತೆರೆಯ ತುಂಬ ಅಜ್ಜಿಯ ಮುಖ. ಕುರ್ಚಿಯಲ್ಲಿದ್ದ ಅಜ್ಜಿ, "ಚೆಂದಾಗಿ ಸತ್ತಿವ್ನಿ" ಎಂದು ತಲೆದೂಗಿದರು. ಕ್ಯಾಮೆರಾ ಮೆಲ್ಲಗೆ ಅಳುವವರ ಕಡೆ ಹೊರಳಿತು. ಚಿಕ್ಕಲಸಂದ್ರದ ಮಗಳು ಎದೆ ಎದೆ ಬಡಿದುಕೊಳ್ಳುತ್ತಿದ್ದರು, ಯಾರೋ ಮದ್ರಾಸಿನ ಹೆಂಗಸು ತಮಿಳಿನಲ್ಲಿ "ಅಮ್ಮಾ, ನಮ್ಮನ್ನು ಬಿಟ್ಟು ಹೋದೆಯಾ" ಎಂದು ಕರುಳು ಹಿಂಡುವಂತೆ ಹಾಡುತ್ತಿದ್ದಳು. ಹಾಲ್‌ನಲ್ಲಿ ಒಬ್ಬೊಬ್ಬರೇ ಕರ್ಚೀಫು ತೆಗೆದರು. ಅಜ್ಜಿಗೆ ತಮಿಳೂ ಕೇಳಿಸದು, ಹಾಡೂ ಕೇಳಿಸದು. ಅವರು ಮಗಳ ತುಟಿ ನೋಡುತ್ತಿದ್ದರು.

"ಒಲೆ ಮ್ಯಾಲೆ ಹಾಲಿಟ್ಟು ಬಂದ್ಬುಟ್ಟೆ ಅಂತಾವ್ಳೆ!" ಎಂದು ಅಜ್ಜಿ ಕೂಗಿದರು.

ಕ್ಯಾಮೆರಾ ಓನರ್ ಅಂಕಲ್ ಕಡೆ ಬಂತು. ತಾಯಿಯ ಪಾದ ಹಿಡಿದುಕೊಂಡು ಏನೋ ಹಲುಬುತ್ತಿದ್ದರು.

"ಇವತ್ತೂ ಉಪ್ಪಿಟ್ಟೇನಾ ಅಂತಾವ್ನೆ, ನನ್ನ ಮಗ!"

ಹಾಲ್‌ನಲ್ಲಿ ಅಲ್ಲಲ್ಲಿ ಕಿಸಕ್ಕೆಂದಿತು. ಗೆಳೆಯ ಓಡಿ ಬಂದು ಬಾಯಿಗೆ ಬೆರಳಿಟ್ಟು ತೋರಿಸಿದ. ಅಜ್ಜಿ ಅವನನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿದರು, ತೆರೆ ಮರೆಯಾಗುತ್ತಿತ್ತು. ಈಗ ಆಂಟಿಯ ಸರದಿ. ಸೆರಗು ಕಣ್ಣಿಗೊತ್ತಿಕೊಂಡು, ಪಕ್ಕದ ಹೆಂಗಸರ ಕಡೆ ಬಾಗಿ ಗೋಳಾಡುತ್ತಿದ್ದರು.

"ಗೋಡೆಗೆ ಒರಗಬ್ಯಾಡಿ, ಟೀ ಹತ್ತುತ್ತೆ ಅಂತಾವ್ಳೆ! ಅತ್ತೆ ಸತ್ತು ಬಿದ್ದವ್ಳೆ, ಇವ್ಳಿಗೆ ಗೋಡೆ ಚಿಂತೆ! ಒಂದು ತೊಟ್ಟು ಕಣ್ಣೀರು ಐತಾ ನೋಡು!"

ಹಾಲ್ ಹೋ ಎಂದು ನಕ್ಕಿತು. ಆಂಟಿ ಅಜ್ಜಿಯ ಮುಖಕ್ಕೆ ಮುಖ ಕೊಟ್ಟು, "ನಾನು ನಿಜ್ವಾಗ್ಲೂ ಅತ್ತಾಗ ಕ್ಯಾಮೆರಾ ನಿಲ್ಸಿಬಿಟ್ಟಿದ್ರು ಅತ್ತೇ!" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆದರೆ ಈ ಸಲವೂ ಕ್ಯಾಮೆರಾ ಇರಲಿಲ್ಲ.

ಮನೆ ಮರ್ಯಾದೆ ಸಾರ್ವಜನಿಕವಾಗಿ ಹರಾಜಾಗಿತ್ತು. ನಾನು ಹೆಂಡತಿಗೆ ಮೆತ್ತಗೆ, "ನಾಳೆಯಿಂದ ಮನೆ ಹುಡುಕೋಣ" ಎಂದೆ. ಅಷ್ಟರಲ್ಲಿ ತೆರೆಯ ಮೇಲೆ ನಾನು ಬಂದೆ. ಬಾಯಿ ಬಿಗಿದು, ಭುಜ ಅದುರಿಸಿಕೊಂಡು, ಕೆನ್ನೆಯ ಮೇಲೆ ಧಾರೆ ಧಾರೆ. ನನ್ನ ಈ ತುಣುಕಿನ ಶುರುವಿನಲ್ಲೇ ಆಂಟಿ ನನ್ನ ಕಿವಿಯಿಂದ ಬಾಯಿ ತೆಗೆದು ಹಿಂದೆ ಸರಿಯುವುದೂ ಬಿದ್ದುಬಿಟ್ಟಿತ್ತು. ನಾವು ಅಂದುಕೊಂಡದ್ದಕ್ಕಿಂತ ಕ್ಯಾಮೆರಾ ಒಂದು ಕ್ಷಣ ಮುಂಚೆಯೇ ಓಡಿತ್ತು.

ಅಜ್ಜಿ ಸುಮ್ಮನಾದರು. ಓದಲು ತುಟಿ ಆಡುತ್ತಿರಲಿಲ್ಲ. ಬಹಳ ಹೊತ್ತು ನೋಡಿ, ಆಂಟಿಯ ಕಡೆ ತಿರುಗಿದರು.

"ನೀನು ಅವನ ಕಿವೀಲಿ ಏನಂದೆ?"

ಆಂಟಿ ನನ್ನನ್ನು ನೋಡಿದರು. ನಾನು ಆಂಟಿಯನ್ನು ನೋಡಿದೆ.

"ಅಳಬೇಡಿ, ಸಮಾಧಾನ ಮಾಡ್ಕೊಳ್ಳಿ ಅಂದೆ ಅತ್ತೆ."

"ಅಂಗಂದ್ರೂ ನಿಲ್ಲಿಸಿಲ್ಲ ನೋಡು!" ಅಜ್ಜಿಯ ದನಿ ಹಾಲ್‌ನ ಕೊನೆಗೂ ಮುಟ್ಟಿತು. "ಹೆತ್ತ ಮಕ್ಳು ಉಪ್ಪಿಟ್ಟು, ಹಾಲು ಅಂತಾವ್ರೆ. ಬಾಡಿಗೆ ಉಡುಗ ಕರುಳು ಕಿತ್ತು ಬರಂಗೆ ಅಳ್ತಾವ್ನೆ. ಕೇಳಮ್ಮಿ, ನಾನು ನಿಜ್ವಾಗ್ಲೂ ಓಗಾಗಂಟ ಇವ್ನು ನಮ್ಮನೆ ಬಿಟ್ಟು ಕದಲಂಗಿಲ್ಲ. ಅವತ್ತು ಅಳಾಕೆ ಮನೇಲಿ ಒಬ್ಬನಾದ್ರೂ ಬ್ಯಾಡ್ವಾ?"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿರ್ದೇಶಕರು ಬೇಸರಪಟ್ಟುಕೊಂಡಿರಬೇಕೆಂದು ಹೆದರಿಕೊಂಡು ಹತ್ತಿರ ಹೋದೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಾದಂಬರಿಯಲ್ಲಿ ನೆಂಟರು ಬಚ್ಚಿಟ್ಟುಕೊಂಡದ್ದನ್ನು ತೋರಿಸಲು ತಾನು ಇಷ್ಟು ಒದ್ದಾಡಿದೆ, ನಿಮ್ಮ ಅಜ್ಜಿ ಕೂತಲ್ಲೇ ಹೇಳಿ ಮುಗಿಸಿದರು ಎಂದರು. ಆ ಮಾತನ್ನು ನಾನು ಯಾರಿಗೂ ಕನ್ನಡ ಮಾಡಿ ಹೇಳಲಿಲ್ಲ. ಅಂಕಲ್ ಆಗಲೇ ಸಾಕಷ್ಟು ನೊಂದಿದ್ದರು.

ವಾಪಸ್ಸು ಮೆಟಡಾರ್‌ನಲ್ಲಿ ಹೊರಟೆವು. ಅಜ್ಜಿ ಮುಂದೆ, ಅಂಕಲ್ ಪಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ಆಂಟಿ ನನ್ನ ಕಡೆ ವಾಲಿದರು. ಅಜ್ಜಿಗೆ ತುಟಿ ಕಾಣದಂತೆ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು.

"ನಾನು ಮನೆ ಖಾಲಿ ಮಾಡಿ ಅಂದಿದ್ದಕ್ಕೆ ತಾನೇ ನೀವು ಅಷ್ಟು ಚೆನ್ನಾಗಿ ಅತ್ತಿದ್ದು? ಅದಕ್ಕೊಂದು ಥ್ಯಾಂಕ್ಸ್ ಆದ್ರೂ ಹೇಳಿ."

ಮುಂದಿನ ಕನ್ನಡಿಯಲ್ಲಿ ಅಜ್ಜಿಯ ಕಣ್ಣು ಮಿನುಗಿತು. "ಸೆರಗಿನ ಇಂದೆ ಏನಮ್ಮಿ ಮಾತು?"

ಆಂಟಿ ಸೆರಗು ತಟ್ಟನೆ ಇಳಿಸಿ, ಕನ್ನಡಿಗೆ ಕಾಣುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

"ಇವ್ರಿಗೆ ಬಾಡಿಗೆ ಏರ್ಸಲ್ಲ ಅಂತ ಹೇಳ್ತಿದ್ದೆ ಅತ್ತೆ."